ಹಿಮದ ವರದಿಗೆ ಹೂಂ ಅಂದವರು

ಲಾಸ್ ಕೊಲಿನಾಸ್‌ನ ನಮ್ಮ ಆಫೀಸಿನಲ್ಲಿ ದಿನಾ ಬೆಳಿಗ್ಗೆ ಹಿಮ ಬೀಳುತ್ತಿತ್ತು, ನನ್ನ ಬಾಯಿಂದ. ಕಿಟಕಿಯ ಹೊರಗೆ ಡಾಲಸ್‌ನ ಚಳಿಗಾಲದ ಒಣ ಹುಲ್ಲು, ನಿಂತ ಕಾರುಗಳ ಗಾಜಿನ ಮೇಲೆ ಬಿಸಿಲು. ಒಳಗೆ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಕಿರುಕೋಣೆಯಲ್ಲಿ ನಾನು ಮೈಕಿನ ಮುಂದೆ ಕೂತು ವರದಿ ಓದುತ್ತಿದ್ದೆ. ಕೊಲರಾಡೋದ ಒಂದು ಬೆಟ್ಟದ ಮೇಲೆ ರಾತ್ರಿ ಎಷ್ಟು ಹೊಸ ಹಿಮ ಬಿದ್ದಿದೆ, ಗಾಳಿ ಯಾವ ಕಡೆಯದು, ಯಾವ ಇಳಿಜಾರು ಇವತ್ತು ತೆರೆದಿದೆ, ಎಲ್ಲವೂ ಇಂಗ್ಲಿಷಿನಲ್ಲಿ. ಆ ಸ್ಕೀ ರೆಸಾರ್ಟಿನ ಹೆಸರು ಗ್ರೇ ಮೇರ್. ದೂರದಿಂದ ನೋಡಿದರೆ ಬೆಟ್ಟ ಮಲಗಿದ ಬೂದು ಕುದುರೆಯ ಹಾಗೆ ಕಾಣುತ್ತದಂತೆ. ಅಲ್ಲಿಗೆ ಹೋಗುವವರೆಲ್ಲ ಹೆಚ್ಚಾಗಿ ಟೆಕ್ಸಸ್‌ನವರೇ. ಹೊರಡುವ ಮೊದಲು ಅವರು ಒಂದು ನಂಬರಿಗೆ ಫೋನ್ ಮಾಡಿ ನನ್ನ ದನಿಯಲ್ಲಿ ಆ ದಿನದ ಹಿಮ ಕೇಳುತ್ತಿದ್ದರು. ನಾನೋ, ಫ್ರಿಜ್ಜಿನೊಳಗಿನದನ್ನು ಬಿಟ್ಟರೆ ಬೇರೆ ಹಿಮ ಮುಟ್ಟಿದವಳಲ್ಲ.

ಆಫೀಸು ಹುಬ್ಬಳ್ಳಿಯ ನಂದಕುಮಾರ್ ಅಂಕಲ್‌ದು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಅವರು ಹೇಳಿದ್ದು ಇಷ್ಟೇ: "ನಿನ್ನ ದನೀ ಒಳಗ ಏನೋ ಐತಿ ಬಿಡವ್ವಾ ದಾಕ್ಷಾಯಣಿ. ಸುಳ್ಳ ಹೇಳಿದ್ರೂ ಖರೇ ಅನಸ್ತೈತಿ."

ಆ ದನಿ ನನ್ನ ಅಜ್ಜಿಯದು. ಅಪ್ಪ ಅಮ್ಮ ಇಬ್ಬರೂ ಹ್ಯೂಸ್ಟನ್‌ನಲ್ಲಿ ಕೆಲಸ ಮಾಡುತ್ತ, ಬೆಳಿಗ್ಗೆ ಸಂಜೆ ಐ-ಟೆನ್ ರಸ್ತೆಯ ಮೇಲೆಯೇ ಇರುತ್ತಿದ್ದುದರಿಂದ, ಆ ನಗರದ ಹೊರವಲಯದ ಕೇಟಿ ಎಂಬ ಊರಿನ ಮನೆಯಲ್ಲಿ ನನ್ನನ್ನೂ ತಮ್ಮ ಅಖಿಲನನ್ನೂ ಬೆಳೆಸಿದವಳು ಗದಗಿನಿಂದ ಬಂದ ಅಜ್ಜಿ ಚಂದ್ರಮ್ಮ. ಊಟಕ್ಕೆ ಕಥೆ, ಜಡೆ ಹೆಣೆಯುವಾಗ ಕಥೆ, ಮಲಗುವಾಗ ಅಂತೂ ಕಥೆ. ಅವಳ ಕಥೆಗೆ ಒಂದು ಕಟ್ಟಳೆ ಇತ್ತು. ಕೇಳುವವರು ಪ್ರತಿ ಮಾತಿಗೂ ಹೂಂ ಅನ್ನಬೇಕು. ಹೂಂ ಇಲ್ಲದೆ ಅವಳು ಮುಂದಿನ ಮಾತು ಆಡುತ್ತಿರಲಿಲ್ಲ. ಹೂಂ ನಿಂತರೆ ಮಕ್ಕಳು ಮಲಗಿದರು ಎಂದು ತಿಳಿದು, ಕಥೆಯನ್ನು ಅಲ್ಲೇ ಬಿಟ್ಟು, ಎದ್ದು ಹೋಗುತ್ತಿದ್ದಳು.

ಈಗ ಅವಳೇ ನನಗೆ ಹೂಂ ಅನ್ನುತ್ತಿದ್ದಳು. ದಿನಾ ಬೆಳಿಗ್ಗೆ ಕೇಟಿಯ ಅಡುಗೆಮನೆಯಲ್ಲಿ ಆ ನಂಬರ್ ಹಚ್ಚಿ, ಸ್ಪೀಕರ್ ಮೇಲಿಟ್ಟು, ಜೋಳದ ರೊಟ್ಟಿ ಬಡಿಯುತ್ತ ನನ್ನ ಇಂಗ್ಲಿಷ್ ವರದಿ ಕೇಳುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ಒಂದೊಂದು ಮಾತಿಗೂ ಹೂಂ. "ಅದು ಮಷೀನ್ ಅಜ್ಜಿ, ಅದಕ್ಕೆ ಕೇಳಿಸಲ್ಲ" ಅಂದರೆ, "ಹೇಳೋರು ಇದ್ದ ಮ್ಯಾಲ ಹೂಂ ಅನ್ನೋರು ಇರಬೇಕಲ್ಲ" ಅನ್ನುತ್ತಿದ್ದಳು.

ಗ್ರೇ ಮೇರ್ ಬೆಟ್ಟದ ಹಿಂಬದಿಯಲ್ಲಿ ಬಟ್ಟಲಿನಂಥ ಒಂದು ಇಳಿಜಾರಿದೆ. ನಾನು ಸೇರುವ ಮೊದಲೇ ಅಲ್ಲಿ ಹಿಮ ಕುಸಿದು ಒಬ್ಬ ಹುಡುಗ ಕಾಣದಾಗಿದ್ದ. ಬೇಸಿಗೆಯಲ್ಲಿ ಹಿಮ ಕರಗಿದ ಮೇಲೂ ಸಿಕ್ಕಿರಲಿಲ್ಲ. ಅಂದಿನಿಂದ ಅದು ಮುಚ್ಚಿತ್ತು. ಬೆಟ್ಟದವರು ಕಳಿಸುವ ವರದಿಯ ಕೊನೆಯ ಸಾಲು ದಿನವೂ ಒಂದೇ: ಹಿಂಬದಿಯ ಬಟ್ಟಲು, ಮುಚ್ಚಿದೆ.

ಆ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಾಗಿಲು ಮುಚ್ಚು ಅನ್ನುವುದಿಲ್ಲ, ಮುಂದೆ ಮಾಡು ಅನ್ನುತ್ತಾರೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾರೆ. ಹೋಗುತ್ತೇನೆ ಅಂದರೆ ಬೈಸಿಕೊಳ್ಳಬೇಕು. ಬೆಳ್ಳಂಬೆಳಿಗ್ಗೆ, ಅದೂ ಒಬ್ಬ ಹುಡುಗ ಉಳಿದುಹೋದ ಜಾಗಕ್ಕೆ, ಮುಚ್ಚಿದೆ ಎಂದು ನೂರಾರು ಜನರ ಕಿವಿಯಲ್ಲಿ ಹೇಳುವುದು ಹೇಗೆ? ನಾನು ಅದನ್ನು ತಿರುಗಿಸಿ ಓದಿದೆ: ಹಿಂಬದಿಯ ಬಟ್ಟಲು ಇವತ್ತಿಲ್ಲ, ನಾಳೆ ಬಂದು ಕೇಳಿ.

ನಂದಕುಮಾರ್ ಅಂಕಲ್‌ಗೆ ಅದು ಹಿಡಿಸಿತು. "ಭಾಳ ಚಲೋ. ಗಿರಾಕಿಗೆ ಇಲ್ಲಾ ಅನಬಾರದು. ದಿನಾ ಹಿಂಗs ಓದು."

ದಿನಾ ಹಾಗೇ ಓದಿದೆ.

ವರದಿ ಮುಗಿದ ಮೇಲೆ ಕರೆ ಮಾಡಿದವರು ಬೇಕಿದ್ದರೆ ತಮ್ಮ ಪ್ರಶ್ನೆಯನ್ನು ರೆಕಾರ್ಡ್ ಮಾಡಿ ಬಿಡಬಹುದಿತ್ತು. ಅವನ್ನು ಕೇಳಿ ಉತ್ತರಿಸುವುದೂ ನನ್ನದೇ ಕೆಲಸ. ಎರಡು ಸಾವಿರದ ಹದಿನಾರರ ಜನವರಿಯಲ್ಲಿ ಒಂದು ಕರೆ ಬರತೊಡಗಿತು. ಮೊದಲು ಬರೀ ಗಾಳಿ. ಟ್ರಕ್ಕಿನ ಕಿಟಕಿಯಲ್ಲಿ ನುಗ್ಗುವಂಥದ್ದಲ್ಲ, ತುಂಬ ಅಗಲವಾದ ಜಾಗದಲ್ಲಿ ಸುತ್ತುವ ಗಾಳಿ. ಆಮೇಲೆ ಗಾಳಿಯ ನಡುವೆ ಉಸಿರು. ಫೆಬ್ರವರಿಯ ಒಂದು ಬೆಳಿಗ್ಗೆ ಆ ಉಸಿರು ಕನ್ನಡದಲ್ಲಿ, ನನ್ನ ತಮ್ಮನ ದನಿಯಲ್ಲಿ ಕೇಳಿತು: "ಅಕ್ಕಾ, ಇವತ್ತು?"

ಅಖಿಲ ಆಸ್ಟಿನ್‌ನಲ್ಲಿ ಓದುತ್ತಿದ್ದ. ಕೂಡಲೇ ಫೋನ್ ಮಾಡಿದೆ.

"ನೀನು ನನ್ನ ಸ್ನೋ ಲೈನಿಗೆ ಕಾಲ್ ಮಾಡಿದ್ಯಾ?"

"ನನ್ಹತ್ರ ಆ ನಂಬರೇ ಇಲ್ಲ ಅಕ್ಕ. ಕ್ಲಾಸಲ್ಲಿದೀನಿ. ಯಾಕೆ?"

"ಏನಿಲ್ಲ."

"ನಂಬರ್ ಕಳಿಸು ಆದ್ರೆ. ಸ್ಪ್ರಿಂಗ್ ಬ್ರೇಕಿಗೆ ರೂಮ್‌ಮೇಟ್ಸ್ ಎಲ್ಲ ಸ್ಕೀ ಮಾಡಕ್ಕೆ ಹೋಗ್ತಿದೀವಿ. ನಿನ್ನ ಗ್ರೇ ಮೇರ್‌ಗೇ."

ಮರುದಿನ ಮತ್ತೆ ಅದೇ ದನಿ: "ಅಕ್ಕಾ, ಇವತ್ತು?" ಅದರ ಮರುದಿನವೂ. ನನ್ನ ವರದಿ ನಾಳೆ ಅನ್ನುತ್ತಿತ್ತು. ಅದು ನಾಳೆ ಬರುತ್ತಿತ್ತು.

ಆ ವಾರಾಂತ್ಯ ಕೇಟಿಗೆ ಹೋಗಿ ಅಜ್ಜಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಒಂದs ಸಲ ಕರೀತೈತೋ, ಮೂರು ಸಲಾನೋ?"

"ಒಂದೇ ಸಲ ಅಜ್ಜಿ."

ಇಬ್ಬರಿಗೂ ಗೊತ್ತಿತ್ತು. ಮನುಷ್ಯರು ಮೂರು ಸಲ ಕೂಗುತ್ತಾರೆ. ಮನೆಯವರ ದನಿ ಕದ್ದು ಬಾಗಿಲಿಗೆ ಬರುವುದು ಒಂದೇ ಸಲ ಕೂಗುತ್ತದೆ. ಓಗೊಟ್ಟವರು ಅದರ ಹಿಂದೆ ಹೊರಟುಬಿಡುತ್ತಾರೆ. ಅದಕ್ಕೇ ಅವಳ ಬಾಲ್ಯದಲ್ಲಿ ಓಣಿಯ ಬಾಗಿಲುಗಳ ಮೇಲೆಲ್ಲ ಇದ್ದಲಿಯಲ್ಲಿ ನಾಳೆ ಬಾ ಎಂದು ಬರೆದಿರುತ್ತಿದ್ದರು. ಅದಕ್ಕೆ ನೆನಪಿಲ್ಲ. ಓದುತ್ತದೆ, ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ.

"ಹಂಗಾದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ. ನಾಳೆ ಅಂತಾನೇ ಓದ್ತಿದೀನಿ."

"ಸುಣ್ಣಾ ಹೊಡಿಯೋ ತನಕ ಸರಿ" ಅಂದಳು ಅಜ್ಜಿ. "ಹಬ್ಬಕ್ಕ ಬಾಗಲಿಗೆ ಸುಣ್ಣಾ ಬಳದು, ಮತ್ತ ಬರಿಯೂದು ಮರತಿದ್ದಳು ಒಬ್ಬಾಕಿ ಸೊಸಿ. ಮೈದುನ ಹಿತ್ತಲದಾಗ ಇದ್ದ. ಆಕೀ ದನಿ ಕೇಳಿ ಹೊರಗ ಹ್ವಾದ."

"ಆಮೇಲೆ?"

"ಹೂಂ ಅನ್ನಲಿಲ್ಲ ನೀನು" ಅಂದು ಅವಳು ರೊಟ್ಟಿ ಬಡಿಯತೊಡಗಿದಳು.

ಅಖಿಲನಿಗೆ ಹೇಳಿದರೆ ನಕ್ಕ. "ಅಜ್ಜಿ ಕಥೆ ಕೇಳಿ ಕೇಳಿ ನಿನ್ನ ಸಿಸ್ಟಮ್ ಕರಪ್ಟ್ ಆಗಿದೆ ಅಕ್ಕ. ಯಾರೋ ಪ್ರ್ಯಾಂಕ್ ಮಾಡ್ತಿದಾರೆ. ಕ್ಯಾಬಿನ್‌ಗೆ ದುಡ್ಡು ಕಟ್ಟಿ ಆಗಿದೆ, ಹೋಗ್ತೀನಿ."

"ಹೋಗ್ತೀನಿ ಅನ್ಬೇಡ."

"ಓಕೆ, ಓಕೆ. ಹೋಗಿ ಬರ್ತೀನಿ. ಖುಷಿನಾ?"

ಮಾರ್ಚ್ ಬಂತು. ಅಖಿಲ ಬೆಟ್ಟ ತಲುಪಿದ ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ವರದಿ ಆಗಲೇ ಬಂದಿತ್ತು. ರಾತ್ರಿಯೆಲ್ಲ ಹಿಮ ಸುರಿದಿದೆ. ಗಾಳಿ ಸಣ್ಣಗಿದೆ. ಆಕಾಶ ತಿಳಿಯಾಗಿದೆ. ಕೊನೆಯ ಸಾಲು: ಹಿಂಬದಿಯ ಬಟ್ಟಲು, ಇವತ್ತು ತೆರೆದಿದೆ.

ಸುಣ್ಣ ಹೊಡೆದಿದ್ದರು.

ನಾನು ಮೈಕಿನ ಮುಂದೆ ಕೂತೆ, ರೆಕಾರ್ಡ್ ಗುಂಡಿ ಒತ್ತಲಿಲ್ಲ. ಹಳೆಯ ರೆಕಾರ್ಡಿಂಗ್ ಇರುವಷ್ಟು ಹೊತ್ತು ನನ್ನ ನಿನ್ನೆಯ ದನಿ ನಾಳೆ ಅನ್ನುತ್ತಿರುತ್ತದೆ. ನಂದಕುಮಾರ್ ಅಂಕಲ್ ಚಹದ ಲೋಟ ಹಿಡಿದು ಬಾಗಿಲಲ್ಲಿ ನಿಂತರು.

"ಯಾಕವ್ವಾ, ಇನ್ನೂ ನಿನ್ನೀದs ನಡದೈತಿ?"

"ಕೊನೆ ಸಾಲು ನಾನು ಓದಲ್ಲ ಅಂಕಲ್."

"ಏನ ಬರದಾರ? ತೆರೆದಿದೆ ಅಂತ ಹೌದಿಲ್ಲೋ. ಶುಭ ಮಾತs ಅಲ್ಲ ಅದು? ಮುಚ್ಚಿದೆ ಅನ್ನಾಕೂ ಆಗೂದಿಲ್ಲ, ತೆರದೈತಿ ಅನ್ನಾಕೂ ಆಗೂದಿಲ್ಲ ಅಂದ್ರ ನಾ ಏನ್ ಬೆಟ್ಟಕ್ಕ ಪಂಚಾಂಗ ಕಳಿಸಲಿ?"

"ನನ್ನ ತಮ್ಮ ಅಲ್ಲಿದಾನೆ."

ಅವರು ನನ್ನ ಮುಖ ನೋಡಿ, ಲೋಟ ಕೆಳಗಿಟ್ಟು, ಮೆಲ್ಲಗೆ ನನ್ನನ್ನು ಎಬ್ಬಿಸಿದರು. "ಹೋಗು, ಹೊರಗ ಕುಂಡ್ರು. ನಿನಗ ನಿದ್ದಿ ಆಗಿಲ್ಲ." ತಾವೇ ಮೈಕಿನ ಮುಂದೆ ಕೂತು, ತಮ್ಮ ಹುಬ್ಬಳ್ಳಿಯ ಇಂಗ್ಲಿಷಿನಲ್ಲಿ ಇಡೀ ವರದಿ ಓದಿದರು. ಕೊನೆಯ ಸಾಲನ್ನು ತುಸು ಜೋರಾಗಿಯೇ ಓದಿದರು.

ಅಖಿಲನ ಫೋನ್ ಹತ್ತಲಿಲ್ಲ. ಬೆಟ್ಟದ ಆಫೀಸಿನಲ್ಲಿ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಹೊಸ ಸಂದೇಶ ಬಂತು. ಗಾಳಿ ಇರಲಿಲ್ಲ. ಹತ್ತಿರದಿಂದ, ತುಟಿ ಫೋನಿಗೆ ತಾಗಿದಷ್ಟು ಹತ್ತಿರದಿಂದ, ನನ್ನ ತಮ್ಮನ ದನಿ.

"ಅಕ್ಕಾ, ಬಾಗಿಲು ತೆಗೆದಿದ್ದೀಯ. ಬಂದೆ."

ಅಜ್ಜಿಗೆ ಫೋನ್ ಮಾಡಿದೆ. ನಾನು ಹೇಳಿ ಮುಗಿಸುವವರೆಗೂ ಅವಳು ಒಂದೊಂದು ಮಾತಿಗೂ ಹೂಂ ಅಂದಳು.

"ಇನ್ನ ನಾಳೆ ಅಂದ್ರ ನಡಿಯಂಗಿಲ್ಲ ಕೂಸ. ಮುಚ್ಚೇತಿ ಅನ್ನಬೇಕು."

"ನಾನು ಈಗಲೇ ಒಳಗೆ ಹೋಗಿ ಅಂತೀನಿ."

"ನೀ ಬ್ಯಾಡ. ಹೊತ್ತ ಮುಳುಗಿದ ಮ್ಯಾಲ ಬಾಗಲಾ ಮುಚ್ಚಾಕ ಹ್ವಾದಾಕಿ ಒಮ್ಮೊಮ್ಮೆ ಹೊರಗಿಂದ ಮುಚ್ಚಿ ಅಲ್ಲೇ ಉಳಿಯಬೇಕಾಗತೈತಿ." ಆಮೇಲೆ ಅವಳ ದನಿ, ಜಡೆ ಹೆಣೆಯುವಾಗಿನಂತೆ, ಮೃದುವಾಯಿತು. "ಆ ನಂಬರ್ ನನಗ ಬಾಯಿಪಾಠ ಐತಿ. ನೀ ಫೋನ್ ಇಡು. ಹೋಗತೇನಿ."

ಬರ್ತೀನಿ ಅನ್ನಲಿಲ್ಲ ಅವಳು. ಅದು ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಅಖಿಲ ಫೋನ್ ಮಾಡಿದ. ಹಲ್ಲು ಕಟಕಟ ಅನ್ನುತ್ತಿದ್ದವು. ಅವರೆಲ್ಲ ಬಟ್ಟಲಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದರಂತೆ. ಎಲ್ಲರಿಗಿಂತ ಮೊದಲು ಇವನು. ಕೆಳಗಿನಿಂದ ಯಾರೋ ತನ್ನನ್ನು ಕರೆದ ಹಾಗಾಯಿತು, ನನ್ನ ದನಿಯಲ್ಲಿ, ಒಮ್ಮೆ. ಕಾಲು ಮುಂದೆ ಇಡುವಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನೋಡಿದರೆ ನನ್ನ ಸ್ನೋ ಲೈನಿನ ನಂಬರ್.

"ಎತ್ತಿದ್ರೆ ಅಜ್ಜಿ. ಅಖಿಲಾ, ಮುಚ್ಚೇತಿ. ಅಖಿಲಾ, ಮುಚ್ಚೇತಿ. ಅಖಿಲಾ, ಮುಚ್ಚೇತಿ. ಮೂರು ಸಲ. ಇವರೆಲ್ಲ ಗ್ರ್ಯಾನಿ ಕಾಲಿಂಗ್ ಅಂತ ನಗ್ತಾ ನಿಂತಿದ್ರು. ಅಷ್ಟರಲ್ಲಿ ಎದುರಿನ ಸ್ನೋ ಪೂರ್ತಿ ಕಳಚಿಕೊಂಡು ಕೆಳಗೆ ಹೋಯ್ತು ಅಕ್ಕ. ಸದ್ದೇ ಇಲ್ಲ. ಹಾಸಿಗೆ ಮೇಲಿನ ಚಾದರ ಎಳೆದ ಹಂಗೆ."

"ಯಾರಾದ್ರೂ?"

"ಯಾರೂ ಇರ್ಲಿಲ್ಲ ಅದ್ರಲ್ಲಿ. ಅಜ್ಜಿಗೆ ಫೋನ್ ಕೊಡ್ತೀಯಾ? ಮನೇಲಿ ಯಾರೂ ಎತ್ತುತಾ ಇಲ್ಲ."

ನಂದಕುಮಾರ್ ಅಂಕಲ್ ಎಲ್ಲ ಕೇಳಿಸಿಕೊಂಡು ಬೆವರು ಒರೆಸಿಕೊಂಡರು. "ಆ ನಂಬರಿಂದ ಹೊರಗ ಫೋನ್ ಹೋಗಂಗs ಇಲ್ಲವಾ. ಬರೂದಷ್ಟ" ಅಂದರು, ತಮಗೆ ತಾವೇ ಹೇಳಿಕೊಂಡಂತೆ.

ಅಮ್ಮ ಕೆಲಸದಿಂದ ಬಂದಾಗ ಅಜ್ಜಿ ಅಡುಗೆಮನೆಯ ಕುರ್ಚಿಯಲ್ಲಿ ಫೋನನ್ನು ಕಿವಿಗೆ ಹಿಡಿದು ಕೂತಿದ್ದಳು. ಹಂಚಿನ ಮೇಲೆ ರೊಟ್ಟಿ ಇದ್ದಿಲಾಗಿತ್ತು. ಕಣ್ಣು ತೆರೆದಿದ್ದವು, ಅಮ್ಮನನ್ನು ನೋಡಿ ನಕ್ಕಳು ಕೂಡ. ಮಾತು ಮಾತ್ರ ಇರಲಿಲ್ಲ. ಪಾದಗಳು ಮಂಜುಗಡ್ಡೆಯಾಗಿದ್ದವು. ಡಾಕ್ಟರು ತಲೆಯ ಚಿತ್ರ ತೆಗೆದು, ರಕ್ತ ನೋಡಿ, ಏನೂ ಕಾಣಿಸುವುದಿಲ್ಲ, ವಯಸ್ಸಾಗಿದೆ ಅಂದರು.

ಆ ಬಟ್ಟಲಿನಲ್ಲಿ ಬೆಟ್ಟದವರು ಹುಡುಕಿದರು. ಯಾರೂ ಸಿಗಲಿಲ್ಲ, ಹಿಂದೆ ಕಾಣೆಯಾದ ಹುಡುಗನೂ. ಚಳಿಗಾಲ ಮುಗಿದ ಕೂಡಲೇ ಅವರು ಫೋನ್ ವರದಿಯನ್ನೇ ನಿಲ್ಲಿಸಿದರು. ನಾನು ಆಫೀಸು ಬಿಟ್ಟು ಕೇಟಿಗೆ ಬಂದೆ.

ಜೂನ್ ತಿಂಗಳು. ಹೊರಗೆ ಡಾಂಬರು ಕರಗುವ ಬಿಸಿಲು. ಅಜ್ಜಿ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿ ಕೂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು, ನಡುನಡುವೆ ನಿಲ್ಲುತ್ತಿದ್ದವು, ಯಾರದೋ ಉತ್ತರಕ್ಕೆ ಕಾದ ಹಾಗೆ. ಅದನ್ನು ನೋಡುತ್ತ ನೋಡುತ್ತ ನನ್ನ ಬೆರಳುಗಳೇ ಆ ನಂಬರ್ ಒತ್ತಿದವು.

ಸತ್ತ ನಂಬರ್. ಆದರೂ ಎರಡು ಸಲ ರಿಂಗ್ ಆಗಿ ಎತ್ತಿತು. ಅಗಲವಾದ ಜಾಗದಲ್ಲಿ ಸುತ್ತುವ ಗಾಳಿ. ಗಾಳಿಯ ನಡುವೆ ಅಜ್ಜಿಯ ದನಿ, ಅವಸರವಿಲ್ಲದೆ: "ಏಳು ಹೆಡಿ ಸರ್ಪ ಏನ್ ಮಾಡ್ತು, ರಾಜನ ಸೊಸೀ ತಲಬಾಗಲಿಗೆ ಬಂತು."

ಒಂದು ಕ್ಷಣ ಬಿಟ್ಟು, ಹತ್ತಿರದಲ್ಲೇ, ಒಬ್ಬ ಹುಡುಗನ ದನಿ. ಈಗ ಅದು ಅಖಿಲನದಾಗಿರಲಿಲ್ಲ. ಕದ್ದದ್ದಲ್ಲ, ಅದರದೇ ದನಿ.

"ಹೂಂ."

ಕಥೆ ಮುಂದೆ ಹೋಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಕರೆ ಮಾಡುತ್ತೇನೆ. ನಾನು ಮಾತಾಡುವುದಿಲ್ಲ, ಉಸಿರನ್ನೂ ಹಿಡಿದಿರುತ್ತೇನೆ. ಅದು ನಿದ್ದೆ ಹೋಗಿ ಹೂಂ ನಿಲ್ಲುವವರೆಗೆ ಅಜ್ಜಿ ಅಲ್ಲಿಂದ ಏಳಲಾರಳು. ಇವತ್ತು ಕಥೆಯಲ್ಲಿ ರಾಜಕುಮಾರಿ ಬಾವಿಗೆ ಇಳಿದ ಮೇಲೆ ತುಂಬ ಹೊತ್ತು ಗಾಳಿಯಷ್ಟೇ ಇತ್ತು. ಅಜ್ಜಿ ಕಾದಳು. ನಾನೂ ಕಾದೆ. ಕೊನೆಗೆ, ದಿಂಬಿನೊಳಗಿಂದ ಬಂದ ಹಾಗೆ, ಅರ್ಧ ಹೂಂ.

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಅಜ್ಜಿಯ ಪಾದಗಳನ್ನು ಮಡಿಲಿಗೆ ತೆಗೆದುಕೊಂಡು ಉಜ್ಜುತ್ತ, ವರದಿ ಓದುವ ದನಿಯಲ್ಲಿ ಹೇಳಿದೆ: "ಇವತ್ತು ಗಾಳಿ ಕಡಿಮೆ ಅಜ್ಜಿ. ಹೂಂ ತಡವಾಗಿ ಬಂತು."

ಕಾಲುಚೀಲದೊಳಗೆ ಅವಳ ಹೆಬ್ಬೆರಳು ಸ್ವಲ್ಪ ಅಲುಗಿತು.