ಎಂಬತ್ತು ಗ್ರಾಂ

"ಆ ಡಬ್ಬಿ ತೆಗೀಬ್ಯಾಡ್ರಿ, ಅತ್ತಿ."

ಶೇಖಮ್ಮ ಚಮಚದ ಹಿಡಿಯನ್ನು ಹಾಲಿನ ಪುಡಿಯ ಡಬ್ಬಿಯ ಮುಚ್ಚಳದ ಸಂದಿಗೆ ಆಗಲೇ ತೂರಿಸಿದ್ದಳು. ಸೊಸೆ ಉಮಾಶ್ರೀಯ ಮಾತಿಗೆ ಕೈ ನಿಂತಿತೇ ಹೊರತು ಚಮಚ ಹೊರಗೆ ಬರಲಿಲ್ಲ. ಒಲೆಯ ಮೇಲೆ ನೀರು ಮರಳುತ್ತಿತ್ತು. ಪಡಸಾಲೆಯಲ್ಲಿ ಪಕ್ಕದ ಮನೆಯ ಬುಗ್ಗಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೊಣಕಾಲು ಕುಣಿಸುತ್ತಿದ್ದಳು. ಹತ್ತು ದಿನದ ಹೆಣ್ಣುಕೂಸು. ಅತ್ತರೆ ದನಿ ಬರುತ್ತಿದ್ದದ್ದು ಕಡಿಮೆ, ಮುಖ ಸುಕ್ಕಾಗುತ್ತಿದ್ದದ್ದೇ ಹೆಚ್ಚು.

"ತೆಗೀದ ಏನ್ ಮಾಡ್ಲಿ? ಕೂಸನ್ನ ಉಪಾಸ ಕೆಡವಲೇನು?" ಶೇಖಮ್ಮ ತಿರುಗಿದಳು. "ಡಾಕ್ಟರು ಬರಕೊಟ್ಟಾರ."

"ಡಾಕ್ಟರು ನನ್ನ ನೋಡ್ಯಾರೇನ್ರಿ? ಕೂಸಿನ ಬಾಯಿ ನೋಡ್ಯಾರೇನು? ನೀವು ಒಬ್ರೇ ಹೋಗಿ ಸೊಸಿಗೆ ಹಾಲಿಲ್ಲ ಅಂದ್ರಿ, ಅವ್ರು ಬರದ್ರು."

ಅದು ನಿಜವಾಗಿತ್ತು. ಬೆಳಿಗ್ಗೆ ಓಣಿಯ ಆರೋಗ್ಯ ಕಾರ್ಯಕರ್ತೆ ಬಂದು ಕೂಸನ್ನು ಜೋಳಿಗೆಯಲ್ಲಿ ಹಾಕಿ ಕೊಕ್ಕೆ ತಕ್ಕಡಿಗೆ ತೂಗುಹಾಕಿದ್ದಳು. ಹುಟ್ಟಿದಾಗ ಎರಡು ಕಿಲೋ ಐನೂರ ಐವತ್ತು ಗ್ರಾಂ ಇದ್ದದ್ದು ಎರಡು ಇನ್ನೂರ ಎಂಬತ್ತಕ್ಕೆ ಇಳಿದಿತ್ತು. ಆಕೆ ಅಂಗಳ ದಾಟುವ ಮೊದಲೇ ಸುದ್ದಿ ಅರ್ಧ ಮಕ್ತಲ್ ಊರು ತಿರುಗಿತು. ಬಾಣಂತಿಯ ಎದೆಯಲ್ಲಿ ಹಾಲಿಲ್ಲ ಎಂದು ಒಬ್ಬಳು, ಇದ್ದರೂ ಬರೀ ನೀರು ಎಂದು ಇನ್ನೊಬ್ಬಳು, ತವರಿನ ಕೈಯೂಟ ಇಲ್ಲದಿದ್ದರೆ ಹೀಗೇ ಎಂದು ಮತ್ತೊಬ್ಬಳು. ಅದನ್ನು ಕೇಳಿಯೇ ಶೇಖಮ್ಮ ಡಾಕ್ಟರ ಬಳಿಗೆ ಹೋಗಿಬಂದಿದ್ದಳು. ಉಮಾಶ್ರೀಯ ತಾಯಿತಂದೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋಗಿ ಎಂಟು ತಿಂಗಳಾಗಿತ್ತು. ಹಾಗಾಗಿ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು.

ಹತ್ತು ದಿನದಿಂದ ಅವಳು ಸುಮ್ಮನೆ ಕೇಳಿಸಿಕೊಂಡಿದ್ದಳು. ಎದೆಯ ತೊಟ್ಟು ಒಡೆದು ರಕ್ತ ಬಂದಾಗಲೂ ಹಲ್ಲು ಕಚ್ಚಿ ಕೂಸಿಗೆ ಕೊಟ್ಟಿದ್ದಳು. ಕೂಸು ಎರಡು ಸಲ ಚೀಪಿ, ಚಿಟಕ್ ಎಂದು ಬಾಯಿ ಜಾರಿಸಿ, ಮತ್ತೆ ಹಿಡಿದು, ಮತ್ತೆ ಜಾರಿಸಿ, ದಣಿದು ನಿದ್ದೆ ಹೋಗುತ್ತಿತ್ತು. ಕಾಲು ಗಂಟೆಗೆ ಎದ್ದು ಅಳುತ್ತಿತ್ತು. ಇತ್ತ ಅವಳ ರವಿಕೆ ತೊಯ್ದು ತೊಪ್ಪೆಯಾಗುತ್ತಿತ್ತು. ಇಲ್ಲದ ಹಾಲು ರವಿಕೆಯನ್ನು ಹೇಗೆ ತೋಯಿಸುತ್ತದೆಂದು ಯಾರೂ ಕೇಳಿರಲಿಲ್ಲ.

ಉಮಾಶ್ರೀ ಸ್ಟ್ಯಾಂಡಿನಿಂದ ಸ್ಟೀಲಿನ ಲೋಟ ತೆಗೆದುಕೊಂಡಳು. ಮರಳುವ ನೀರಿನಲ್ಲಿ ಅದ್ದಿ, ಝಾಡಿಸಿ, ಪಡಸಾಲೆಗೆ ಬಂದು ಬಾಗಿಲಿಗೆ ಬೆನ್ನು ಮಾಡಿ ಕುಳಿತಳು. ಸೆರಗು ಸರಿಸಿದಳು. ಶೇಖಮ್ಮ ಹಿಂದೆಯೇ ಬಂದಳು.

"ಅಯ್ಯ, ಇದೇನು ಮಾಡ್ತೀಯವ್ವ?" ಎಂದಳು ಬುಗ್ಗಮ್ಮ.

"ನೋಡ್ರಿ. ನೀವೂ ನೋಡ್ರಿ, ಅತ್ತಿ. ಓಣಿಯವ್ರನ್ನೆಲ್ಲಾ ಕರೀರಿ ಬೇಕಾದ್ರ."

ಮೊದಲು ಹನಿ, ಆಮೇಲೆ ಸಣ್ಣ ಧಾರೆ. ಲೋಟದ ತಳಕ್ಕೆ ಬಡಿದ ಸದ್ದು ಮೂವರಿಗೂ ಕೇಳಿಸಿತು. ನೋವಿಗೆ ಅವಳ ಕಣ್ಣಲ್ಲಿ ನೀರಾಡಿತು, ಕೈ ನಿಲ್ಲಲಿಲ್ಲ. ಒಂದು ಎದೆ ಮೆತ್ತಗಾದ ಮೇಲೆ ಇನ್ನೊಂದು. ಲೋಟ ಅರ್ಧಕ್ಕೆ ಬಂದಾಗ ಅದನ್ನು ಅತ್ತೆಯ ಕಾಲ ಬಳಿ ಇಟ್ಟಳು.

"ನೀರೋ ಹಾಲೋ, ನೀವೇ ಹೇಳ್ರಿ."

ಶೇಖಮ್ಮ ಬಗ್ಗಿ ಲೋಟ ಎತ್ತಿ ನೋಡಿದಳು. "ಹಂಗಾದ್ರ ಕೂಸು ಯಾಕ ಒಣಗಾಕತ್ತೈತಿ?" ಎಂದಳು. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

"ಅದನ್ನೇ ನಾನೂ ಕೇಳಾಕತ್ತೀನ್ರಿ. ಹತ್ತು ದಿನದಿಂದ ಕೇಳಾಕತ್ತೀನಿ. ಒಳಲಿ ಕೊಡ್ರಿ."

ಹಕ್ಕಿಯ ಕೊಕ್ಕಿನಂಥ ಮೂತಿಯ ಆ ಪುಟ್ಟ ಒಳಲೆಯಲ್ಲಿ ಅವಳು ಹಾಲು ತುಂಬಿ ಕೂಸಿನ ತುಟಿಯ ಅಂಚಿಗೆ ಹಿಡಿದಳು. ಕೂಸು ನುಂಗಿತು. ಮೂರು ಒಳಲೆ ಕುಡಿದು ಎರಡು ತಾಸು ಮಲಗಿತು.

ಸಂಜೆ ಉಮಾಶ್ರೀಯ ಗಂಡ ಕಾಂತೇಶ ನಾರಾಯಣಪೇಟೆಯಿಂದ ಬಂದ. ಅಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಅವನು ದಡವಾಯಿ. ರೈತರು ತಂದ ತೊಗರಿ, ಭತ್ತ, ಶೇಂಗಾದ ಚೀಲಗಳನ್ನು ತೂಗುವುದೇ ಅವನ ಕೆಲಸ. ಮೈತುಂಬ ತೊಗರಿಯ ಧೂಳು ಹೊತ್ತವನು ಬಚ್ಚಲಿಗೆ ಹೋಗುವ ಮೊದಲೇ ಉಮಾಶ್ರೀ ಕೋಣೆಯ ಹೊಸ್ತಿಲಿಗೆ ಬಂದು ನಿಂತಳು.

"ನಾಳೆ ಗದ್ವಾಲಕ್ಕ ಹೋಗೂಣ್ರಿ. ಹೆರಿಗಿ ಆದಾಗ ಪ್ರಶಾಂತಿ ಸಿಸ್ಟರು ಹೇಳಿದ್ರು, ತೂಕ ಏರ್ಲಿಲ್ಲ ಅಂದ್ರ ಸೀದಾ ಬಾ ಅಂತ."

"ಹತ್ತು ದಿನದ ಬಾಣಂತಿ ಕೃಷ್ಣಾ ಹೊಳಿ ದಾಟ್ತಾಳಂತ!" ಒಳಗಿನಿಂದ ಶೇಖಮ್ಮನ ದನಿ ಬಂತು. "ಪುರುಡು ಕಳೀಲಿ. ಆಮ್ಯಾಲೆ ಎಲ್ಲಿಗಾದ್ರೂ ಹೋಗ್ರಿ. ಕಾಂತಾ, ಹೇಳು ನಿನ್ ಹೇಣ್ತಿಗೆ."

ಕಾಂತೇಶ ತಾಯಿಯ ಮಾತಿಗೆ ಎದುರಾಡಿದವನಲ್ಲ. ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಉಮಾಶ್ರೀಯೇ ಮಾತಾಡಿದಳು.

"ನಮ್ಮಾಗ ಎಲ್ಲಿ ಪುರುಡು, ಅತ್ತಿ? ಜಂಗಮ ಕರಿಬಸಯ್ಯನವ್ರನ್ನ ಕರಸಿ ನೀವೇ ಕೂಸಿಗೆ ಲಿಂಗ ಕಟ್ಟಿಸಿದ್ರಿ. ಲಿಂಗ ಕಟ್ಟಿದ ಮನಿಗೆ ಸೂತಕ ಇಲ್ಲಂತ ಅವತ್ತು ಬುಗ್ಗಮ್ಮಗ ನೀವೇ ಹೇಳಿದ್ದು, ನಾ ಕೇಳೀನಿ. ಹೊಳಿ ದಾಟೂದಕ್ಕಷ್ಟೇ ಸೂತಕ ಬರ್ತದೇನು?"

ಕಾಂತೇಶ ಕೋಣೆಯೊಳಗೆ ಹೋಗಿ ಕೂಸನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡ. ಹುಟ್ಟಿದ ದಿನ ಎತ್ತಿದ್ದ. ಆ ಭಾರ ಅವನ ಕೈಗೆ ನೆನಪಿತ್ತು. ಮೆಲ್ಲಗೆ ಕೆಳಗಿಟ್ಟು, "ಏಳು ಗಂಟಿ ಬಸ್ಸಿಗೆ ಹೋಗೂಣು," ಎಂದ.

ಬಸ್ಸು ತುಂಬಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಗದ್ವಾಲದ ಬಸ್ಸು ಯಾವತ್ತೂ ಹಾಗೇ. ಒಬ್ಬ ಮುದುಕಿ ಕೂಸನ್ನು ನೋಡಿ ಎದ್ದು ಜಾಗ ಕೊಟ್ಟಳು. ಆತ್ಮಕೂರು ದಾಟುವಷ್ಟರಲ್ಲಿ ಕೂಸು ಎದ್ದಿತು. ಉಮಾಶ್ರೀ ಶಾಲು ಹೊದ್ದುಕೊಂಡು ಹಾಲು ಹಿಂಡಿದಳು, ಕಾಂತೇಶ ಒಳಲೆ ಹಿಡಿದ. ಮುಂದಿನ ಸೀಟಿನ ಬಿಳಿ ಅಂಗಿಯವನೊಬ್ಬ ಕತ್ತು ಹೊರಳಿಸಿ ನೋಡಿದ, ಮತ್ತೆ ನೋಡಿದ.

"ಏಂ ಚೂಸ್ತುನ್ನಾವನ್ನಾ?" ಏನು ನೋಡುತ್ತಿದ್ದೀಯಣ್ಣಾ ಎಂದು ಕಾಂತೇಶ ತೆಲುಗಿನಲ್ಲಿ ಕೇಳಿದ. ಅವನ ದನಿ ಯಾರ್ಡಿನಲ್ಲಿ ನೂರು ಜನರ ಗದ್ದಲದ ಮೇಲೆ ತೂಕ ಕೂಗುವ ದನಿ. ಇಡೀ ಬಸ್ಸು ತಿರುಗಿತು. "ಕೂಸು ಉಣ್ಣಾಕತ್ತೈತಿ. ನೀ ಉಣ್ಣೂವಾಗ ನಾ ಹಿಂಗ ಬಂದು ನೋಡ್ಲೇನು?"

ಬಿಳಿ ಅಂಗಿಯವನು ಗದ್ವಾಲ ಬರುವವರೆಗೆ ಕಿಟಕಿಯ ಆಚೆಗೇ ನೋಡಿದ. ಉಮಾಶ್ರೀ ಗಂಡನ ಕಡೆ ನೋಡಿದಳು. ಒಳಲೆ ಹಿಡಿದ ಅವನ ಕೈಯಿಂದ ಒಂದು ಹನಿಯೂ ಚೆಲ್ಲಿರಲಿಲ್ಲ.

ಗದ್ವಾಲದ ಆಸ್ಪತ್ರೆಯ ಪ್ರಶಾಂತಿ ಸಿಸ್ಟರ್ ಅರೆ ತೆಲುಗು, ಅರೆ ಕನ್ನಡದವಳು. ಕೂಸಿಗೆ ಹಾಲೂಡಿಸು ಎಂದು ಹೇಳಿ, ತಾನು ಮಾತಾಡದೆ ಐದು ನಿಮಿಷ ಬಗ್ಗಿ ನೋಡಿದಳು. ಆ ಚಿಟಕ್ ಸದ್ದು ಕೇಳಿದಳು. ಆಮೇಲೆ ಕೈ ತೊಳೆದು, ಕಿರುಬೆರಳನ್ನು ಕೂಸಿನ ಬಾಯೊಳಗಿಟ್ಟು ನಾಲಿಗೆಯನ್ನು ಮೇಲೆತ್ತಿದಳು.

"ಇದಿಗೋ. ಇಲ್ಲಿ ನೋಡಮ್ಮಾ. ನಾಲಿಗಿ ಕೆಳಗ ಪೊರಿ ಬಿಗದೈತಿ. ನಾಲಿಗಿ ಮುಂದಕ್ಕ ಬರಾಂಗಿಲ್ಲ. ಪಾಪ ಹೆಂಗ ಚೀಪಬೇಕು?"

ಉಮಾಶ್ರೀ ಬಗ್ಗಿ ಕೂಸಿನ ಬಾಯೊಳಗೆ ನೋಡಿದಳು. "ನನ್ನ ಹಾಲು..." ಎಂದಳು.

"ನಿನ್ನ ಹಾಲಿಗೆ ಏನಾಗೈತಿ? ರವಿಕಿ ನೋಡ್ಕೋ ಒಮ್ಮೆ."

ಡಾಕ್ಟರು ಬಂದು ನೋಡಿದರು, ಕೂಸಿನ ರಕ್ತ ಪರೀಕ್ಷೆ ಮಾಡಿಸಿದರು, ಮಧ್ಯಾಹ್ನದ ಮೊದಲು ಪೊರೆ ಕತ್ತರಿಸಿದರು. ಚಿಟಿಕೆ ಹೊಡೆಯುವಷ್ಟು ಹೊತ್ತು, ಎರಡು ಹನಿ ರಕ್ತ. ಕಾಂತೇಶ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಉಮಾಶ್ರೀ ಕಣ್ಣು ಮುಚ್ಚಲಿಲ್ಲ. ಕೂಸನ್ನು ಕೂಡಲೇ ಎದೆಗೆ ಹಾಕಿದಳು. ಪವಾಡವೇನೂ ನಡೆಯಲಿಲ್ಲ. ಕೂಸು ಅತ್ತಿತು, ಹಿಡಿಯಿತು, ಜಾರಿಸಿತು, ನಾಲ್ಕು ಗುಟುಕು ನುಂಗಿ ನಿದ್ದೆ ಹೋಯಿತು. ತೂಕದ ಯಂತ್ರ ಎರಡು ಇನ್ನೂರ ಅರವತ್ತು ತೋರಿಸಿತು. ನಿನ್ನೆಗಿಂತಲೂ ಇಪ್ಪತ್ತು ಕಡಿಮೆ.

"ಹೊಸ ನಾಲಿಗಿ ಅದು, ಕಲೀಬೇಕು," ಎಂದಳು ಪ್ರಶಾಂತಿ. "ಎರಡೆರಡು ತಾಸಿಗೆ ಎಬ್ಬಿಸಿ ಕೊಡು. ಆಮ್ಯಾಲೆ ಹಿಂಡಿದ ಹಾಲು ಒಳಲೀಲೆ. ಕೂಸು ದಿನಕ್ಕ ಆರು ಬಟ್ಟಿ ಉಚ್ಚೀಲೆ ತೋಯಿಸಬೇಕು. ಅದಕ್ಕೂ ಕಡಿಮಿ ಆದ್ರ, ಮಂಕಾದ್ರ, ಅವತ್ತೇ ಓಡಿ ಬಾ. ಇಲ್ಲಂದ್ರ ಮೂರು ದಿನಕ್ಕ ಬಾ. ತೂಕ ಏರ್ಲಿಲ್ಲ ಅಂದ್ರ ಡಬ್ಬಿ ಹಾಲು ಕೊಡಬೇಕಾಗ್ತದ. ಅದ್ರಾಗ ನಾಚಿಕಿ ಏನಿಲ್ಲ."

"ಕೂಸಿಗೆ ಬೇಕಂದ್ರ ಕೊಡ್ತೀನ್ರಿ, ಸಿಸ್ಟರ್," ಎಂದಳು ಉಮಾಶ್ರೀ. "ಮಂದಿ ಅಂದ್ರಂತ ಕೊಡಾಂಗಿಲ್ಲ."

ಮರುದಿನ ಕಾಂತೇಶ ಯಾರ್ಡಿಗೆ ಫೋನು ಮಾಡಿ ಮೂರು ದಿನ ಬರುವುದಿಲ್ಲವೆಂದ. ಆ ಕಡೆಯಿಂದ ಯಾರೋ, ಹೆಂಡತಿಯ ಬಾಣಂತನ ಮಾಡುತ್ತೀಯೋ ಎಂದು ನಕ್ಕದ್ದು ಕೋಣೆಯವರೆಗೆ ಕೇಳಿಸಿತು. "ಹೌದು, ಮಾಡ್ತೀನಿ," ಎಂದು ಇವನು ಫೋನಿಟ್ಟ. ಬಾಣಂತಿಯ ಕೋಣೆಗೆ ಗಂಡಸರು ಹೊತ್ತುಗೊತ್ತಿಲ್ಲದೆ ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅವನು ಹೋದ. ಒಳಲೆ ಕುದಿಸಿದ, ಬಟ್ಟೆ ಒಗೆದ, ತೋಯ್ದ ಬಟ್ಟೆಗಳನ್ನು ಎಣಿಸಿದ. ನಿದ್ದೆ ಹೋದ ಕೂಸಿನ ಅಂಗಾಲು ತಿಕ್ಕಿ ಎಬ್ಬಿಸಿದ. ಮೊದಲ ದಿನ ಐದೇ ಬಟ್ಟೆ. ಚಪ್ಪಲಿ ಮೆಟ್ಟಿ ಗದ್ವಾಲಕ್ಕೆ ಹೊರಡಲು ಬಾಗಿಲಿಗೆ ಬಂದಾಗ ಉಮಾಶ್ರೀ ಒಳಗಿನಿಂದ, "ಆರು!" ಎಂದು ಕೂಗಿದಳು.

ಶೇಖಮ್ಮ ಇಬ್ಬರ ಜೊತೆಯೂ ಮಾತು ಬಿಟ್ಟಿದ್ದಳು. ಆದರೆ ಹೊತ್ತು ಹೊತ್ತಿಗೆ ಅಳವಿ ಕಾಳಿನ ಪಾಯಸ, ಬಿಸಿ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಸಬ್ಬಸಗಿ ಪಲ್ಯ ಕೋಣೆಯ ಹೊಸ್ತಿಲಿಗೆ ಬರುತ್ತಿದ್ದವು. "ತಿನ್ನವ್ರು ತಿನ್ನಲಿ," ಎಂದು ಗೋಡೆಗೆ ಹೇಳಿ ಹೋಗುತ್ತಿದ್ದಳು. ಹಾಲಿನ ನೀರು-ಗಟ್ಟಿಯ ಮಾತೆತ್ತಲು ಬಂದ ಬುಗ್ಗಮ್ಮನಿಗೆ ಅಂಗಳದಲ್ಲೇ, "ಅರ್ಧ ಲೋಟ ನೀನೇ ಕಣ್ಣಾರೆ ನೋಡಿಲ್ಲೇನು? ಸುಮ್ನ ಹೋಗು," ಎಂದದ್ದನ್ನು ಉಮಾಶ್ರೀ ಕಿಟಕಿಯಿಂದ ಕೇಳಿದಳು.

ಮೂರನೆಯ ದಿನ ಕೂಸು ಹಿಡಿದದ್ದನ್ನು ಬಿಡದೆ ಎಂಟು ಗುಟುಕು ಕುಡಿಯಿತು. ಉಮಾಶ್ರೀ ಎಣಿಸುತ್ತಿದ್ದಳು.

ಗದ್ವಾಲಕ್ಕೆ ಹೊರಡುವ ಬೆಳಿಗ್ಗೆ ನೋಡಿದರೆ ಶೇಖಮ್ಮ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕುಳಿತಿದ್ದಳು.

"ನಾನೂ ಬರ್ತೀನಿ. ನೀವು ಬಂದು ಒಂದಕ್ಕ ಎರಡು ಹೇಳಿದ್ರ ನಾ ನಂಬಂಗಿಲ್ಲ. ತಕ್ಕಡಿ ನನ್ ಕಣ್ಣೀಲೆ ನೋಡಬೇಕು."

ಆಸ್ಪತ್ರೆಯಲ್ಲಿ ಅವಳು ಯಂತ್ರದ ತಟ್ಟೆಯನ್ನು ತನ್ನ ಸೆರಗಿನಿಂದ ಒರೆಸಿದಳು. "ಇದು ಬರೋಬರಿ ಐತೇನ್ರಿ?" ಎಂದು ಪ್ರಶಾಂತಿಯನ್ನು ಕೇಳಿದಳು. ಕೂಸನ್ನು ಬತ್ತಲೆ ಮಾಡಿ ಮಲಗಿಸಿದರು. ಕೆಂಪು ಅಂಕಿಗಳು ಕೂಸಿನ ಕೈಕಾಲಿನ ಜೊತೆಗೇ ಕುಣಿದವು. ಕಾಂತೇಶನ ತುಟಿ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಅಂಕಿಗಳು ನಿಂತವು.

"ಎರಡು ಮುನ್ನೂರ ನಲವತ್ತು," ಎಂದಳು ಪ್ರಶಾಂತಿ. "ಎಂಬತ್ತು ಗ್ರಾಂ ಏರೈತಿ. ಇನ್ನೂ ಹುಟ್ಟಿದ ತೂಕಕ್ಕ ಬಂದಿಲ್ಲ. ಬಿಡಬ್ಯಾಡ, ಹಿಂಗೇ ನಡಸು."

"ಎಂಬತ್ತು ಗ್ರಾಮು ಅಂದ್ರ ಎಷ್ಟೋ, ಕಾಂತಾ?"

"ಒಂದು ಹಿಡಿ ತೊಗರಿ, ಅವ್ವ."

"ಅಷ್ಟೇನಾ?" ಶೇಖಮ್ಮ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟಕ್ಕ ಇಷ್ಟು ಗದ್ದಲ ಮಾಡಿದ್ರೇನು?"

"ಇಷ್ಟಕ್ಕೇ, ಅತ್ತಿ," ಎಂದಳು ಉಮಾಶ್ರೀ. "ಇನ್ನೂ ಮಾಡ್ತೀನಿ."

ಮರಳುವ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಜುರಾಲಾ ಆಣೆಕಟ್ಟಿನ ಮೇಲೆ ಬಸ್ಸು ನಿಧಾನವಾಯಿತು. ಆಣೆಕಟ್ಟಿನ ತೆರೆದ ಗೇಟುಗಳಿಂದ ಕೃಷ್ಣೆ ಧುಮುಕುತ್ತಿದ್ದಳು. ಜನ ಎದ್ದು ಕಿಟಕಿಗೆ ಮುಖ ಹಚ್ಚಿದರು. ಶೇಖಮ್ಮ ತನ್ನ ಸೆರಗನ್ನು ಬಿಚ್ಚಿ ಕಿಟಕಿಯ ಗಾಳಿಗೆ ಅಡ್ಡ ಹಿಡಿದಳು. ಅದರ ಮರೆಯಲ್ಲಿ ಕೂಸು ಕುಡಿಯುತ್ತಿತ್ತು, ಗುಟುಕ್, ಗುಟುಕ್ ಎಂದು, ನೀರಿನ ಮೊರೆತದಲ್ಲೂ ತಾಯಿಗಷ್ಟೇ ಕೇಳುವ ಹಾಗೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಎದೆ ಬಿಟ್ಟಿತು. ತುಟಿಯ ಅಂಚಿನಿಂದ ಹಾಲಿನ ಗೆರೆಯೊಂದು ಗದ್ದಕ್ಕೆ ಇಳಿಯಿತು. ಬಿಗಿಯಾಗಿ ಮುಚ್ಚಿದ್ದ ಪುಟ್ಟ ಮುಷ್ಟಿ ಒಂದೊಂದೇ ಬೆರಳು ಸಡಿಲಿಸಿ, ಅವಳ ಎದೆಯ ಮೇಲೆ ಅಂಗಾತ ತೆರೆದುಕೊಂಡಿತು.