ಹನ್ನೊಂದು ನಲವತ್ತೆರಡರ ಒಳಗೆ

ಕರ್ ಕರ್ ಅಂತ ಪ್ರಿಂಟರ್ ಮತ್ತೆ ಶುರುವಾಯಿತು, ಅಂದರೆ ಬೆಲ್ಟ್ ಮತ್ತೆ ನಿಂತಿದೆ, ಕಿಟಕಿಯಾಚೆ ಕಲ್ಲಿದ್ದಲು ಹೊತ್ತ ಉದ್ದನೆಯ ಪಟ್ಟಿ ಸುಮ್ಮನೆ ಮಲಗಿದೆ, ಈ ತಿಂಗಳಲ್ಲಿ ನಾಲ್ಕನೇ ಸಲ, ಹಿಂದಿನ ಮೂರು ಸಲವೂ ತಪ್ಪು ಆಪರೇಟರ್ ಕಾಮೇಶ್ವರನದೇ ಎಂದಿತ್ತು ಕಾಗದ, ಮೊದಲ ಸಾಲಿನಲ್ಲಿ ಅವನು ಒತ್ತಿದ, ಬೆಲ್ಟ್ ನಿಲ್ಲಿಸುವ ಕೆಂಪು ಗುಂಡಿ, ಎರಡನೆಯದರಲ್ಲಿ ಮೋಟಾರು ನಿಂತದ್ದು, ಎರಡಕ್ಕೂ ಒಂದೇ ಗಂಟೆ ಒಂದೇ ನಿಮಿಷ, ಮೇಲಿರುವುದೇ ಮೊದಲು ನಡೆದದ್ದು ಅಂತ ಎಲ್ಲರೂ ಓದಿದರು, ನಾನೂ ಓದಿದೆ, ಬಿ.ಎಸ್ಸಿ. ಭೌತಶಾಸ್ತ್ರದವಳು! ಅವನ ಕೈಗೆ ತುರಿಕೆ ವಿಜಯಲಕ್ಷ್ಮೀ ಗಾರೂ, ಸುಮ್ಮನಿರೋದಿಲ್ಲ, ಎಂದು ನಕ್ಕ ಮ್ಯಾನೇಜರ್ ಜಗನ್ಮೋಹನ್, ಇನ್ನೊಂದು ಸಲ ಆದರೆ ಮನೆಗೆ ಕಳಿಸ್ತೇನೆ ಎಂದಾಗ ನಗಲಿಲ್ಲ, ಗಾಜುವಾಕದ ಬಸ್ಸಿನಲ್ಲಿ ಕಾಮೇಶ್ವರ ಸೀಟಿದ್ದರೂ ಕೂರದೆ, ಅಮ್ಮಾ, ಮೋಟಾರು ನಿಂತಿತು, ನೋಡಿದೆ, ಆಮೇಲೆ ಒತ್ತಿದೆ, ನನ್ನ ಮಾತಿಗಿಂತ ಕಾಗದ ದೊಡ್ಡದಾ — ಆದರೆ ಕಂಪ್ಯೂಟರಿಗೆ ಬರುವ ತಂತಿಗಳಲ್ಲಿ ಗುಂಡಿಯದು ಒಂದನೆಯದು, ಮೋಟಾರಿನದು ಏಳನೆಯದು, ಕಂಪ್ಯೂಟರು ಮುದ್ರಿಸುವುದು ತಂತಿಯ ಕ್ರಮದಲ್ಲಿ, ನಡೆದ ಕ್ರಮದಲ್ಲಲ್ಲ, ಇದು ಹೊಳೆದದ್ದೇ ಪ್ರತಿ ಸಾಲಿಗೂ ಸೆಕೆಂಡು, ಸೆಕೆಂಡಿನ ನೂರನೇ ಭಾಗ ಸೇರಿಸಿ ಹಿಗ್ಗಿದೆ, ಪರೀಕ್ಷೆ ಮಾಡಿದರೆ ಆಗಲೂ ಗುಂಡಿಯೇ ಮೊದಲು, ಮುದ್ರಿಸುವಾಗ ಗಡಿಯಾರ ನೋಡುವ ಹಾಗೆ ಪ್ರೋಗ್ರಾಂ ಬರೆದಿದ್ದೆ, ಪೆದ್ದಿ! ಭಾನುವಾರ ವಿಜಯವಾಡದಲ್ಲಿ ನಾದಿನಿಯ ಹೆರಿಗೆ, ಅತ್ತೆ ಕೋಟೇಶ್ವರಮ್ಮ ಜಾತಕ ಬರೆಸಬೇಕೆಂದು ಪಂಚಾಂಗ ಹಿಡಿದು ನರ್ಸಿನ ಬೆನ್ನು ಹತ್ತಿದ್ದರು, ಮಗೂನ ಒರೆಸಿ, ತೂಕ ಹಾಕಿ, ಆಮೇಲೆ ಬಂದು ನೀನು ಬರೆದ ಟೈಮು ಯಾರಿಗೆ ಬೇಕಮ್ಮಾ, ಮಗು ಅತ್ತ ಟೈಮು ಹೇಳು — ಎಲ್ಲರೂ ನಕ್ಕರು, ನಾನು ಕಾಫಿ ಲೋಟ ಕೈಯಲ್ಲೇ ಮರೆತು ನಿಂತೆ, ಅತ್ತ ಟೈಮು, ಹೌದಲ್ಲ, ಸಂಕೇತ ಬಂದ ಗಳಿಗೆಯಲ್ಲೇ ಸಮಯ ಹಿಡಿದಿಡಬೇಕು, ಸಾಲು ಬೇಕಾದರೆ ಆಮೇಲೆ ಬರಲಿ. ನಿನ್ನೆ ತಿದ್ದಿದೆ, ಇಗೋ ಇವತ್ತು, ಕಾಗದ ಹರಿಯುತ್ತೇನೆ, ಬೆರಳಿಗೆ ಶಾಯಿ, ಮೇಲೆ ಗುಂಡಿ, ಹನ್ನೊಂದು ನಲವತ್ತೆರಡು, ಎಂಟು ಸೆಕೆಂಡು ಸೊನ್ನೆ ಐದು, ಕೆಳಗೆ ಮೋಟಾರು, ಹನ್ನೊಂದು ನಲವತ್ತೆರಡು, ಏಳು, ಏಳು ಮೂವತ್ತೆಂಟು — ಕೆಳಗಿನದೇ ಮೊದಲು! ಜಗನ್ಮೋಹನ್ ಕನ್ನಡಕ ಏರಿಸಿ ಎರಡು ಸಲ ಓದುತ್ತಾರೆ, ತುಟಿ ಕಚ್ಚುತ್ತಾರೆ, ಮೋಟಾರು ಬಿಚ್ಚಿಸಿ, ಕಾಮೇಶ್ವರನನ್ನು ಕರೀರಿ, ತಪ್ಪು ಅವನದಲ್ಲ ಅಂತ ನಾನೇ ಹೇಳ್ತೇನೆ, ಅನ್ನುತ್ತಾರೆ, ನನಗೆ ನಗು, ಮೂವತ್ತೆಂಟರಿಂದ ಸೊನ್ನೆ ಐದಕ್ಕೆ ಮುಕ್ಕಾಲು ಸೆಕೆಂಡೂ ಇಲ್ಲ, ಅಷ್ಟರಲ್ಲಿ ಒಬ್ಬ ಮನುಷ್ಯ ಬೆಚ್ಚಿ, ತಿರುಗಿ, ಕೈ ಎತ್ತಿ, ಆ ಕೈ, ಏಳು ಮೂವತ್ತೆಂಟರಲ್ಲಿ ಆ ಕೈ ಎಲ್ಲಿತ್ತು, ಇನ್ನೂ ಗಾಳಿಯಲ್ಲಿ, ಗುಂಡಿ ಮುಟ್ಟಿಲ್ಲ, ಏಳು ಮೂವತ್ತೆಂಟು, ಕಾಮೇಶ್ವರನ ಕೈ ಗಾಳಿಯಲ್ಲಿ, ಐದೂ ಬೆರಳು ಬಿಚ್ಚಿ, ಗಾಳಿಯಲ್ಲಿ —