ಅಲೆ ಒಡೆಯದ ದಾರಿ

ಮೋಡವಿಲ್ಲ, ಬಿಸಿಲೂ ಇಲ್ಲ, ನೀರು ಬೆರೆಸಿದ ಹಾಲಿನ ಹಾಗೆ ಆಕಾಶ, ಗಾಳಿ ಎಲ್ಲಿ ಹೋಯಿತೋ, ಬಾವುಟಗಳು ಕಂಬಕ್ಕೆ ಅಂಟಿಕೊಂಡು ಒದ್ದೆ ಬಟ್ಟೆಯಂತೆ ಜೋತುಬಿದ್ದಿವೆ – ಇಂಥ ಬೆಳಗನ್ನ ನಂಬಬಾರದು ಕಣೇ ಎನ್ನುತ್ತಿದ್ದ ಅಪ್ಪ, ಅಪ್ಪನಿಗೇನು, ದೋಣಿಯ ಬಿರುಕಿಗೆ ಅಂಟು ತುಂಬುತ್ತ ದಡದಲ್ಲೇ ಆಯಸ್ಸು ಕಳೆದವನು, ಕಡಲು ಅವನಿಗೆ ಗಿರಾಕಿ ತಂದುಕೊಡುವ ದಲ್ಲಾಳಿ, ಅವಳಿಗೆ ಮಾತ್ರ ತವರಾಗಿತ್ತು, ಈಗ ಈಜುವವರನ್ನು ಕಾಯುವ ಅಟ್ಟಣೆಯ ಏಣಿ ಇಳಿದು ಮರಳಿಗೆ ಕಾಲಿಟ್ಟರೂ ನೀರಿನ ಅಂಚಿಗೆ ಹೋಗದೆ ಮತ್ತೆ ಏಣಿ ಹತ್ತಿಬಿಡುತ್ತಾಳೆ. ಮೇಲೆ ಕೂತು ನೋಡುವುದಕ್ಕೆ ಭಯವಿಲ್ಲ, ನೋಡುವುದು ಕಣ್ಣಿನ ಕೆಲಸ, ಕಣ್ಣು ಮುಳುಗುವುದಿಲ್ಲ. ದುರ್ಬೀನು ಎಡಕ್ಕೆ, ಮಕ್ಕಳು, ಚೆಂಡು, ಒಬ್ಬಳು ತಾಯಿ, ಬಲಕ್ಕೆ, ಬಂಡೆ, ಬಂಡೆಯ ಪಕ್ಕ ಆ ಪಟ್ಟಿ – ಎರಡೂ ಕಡೆ ಅಲೆ ನೊರೆ ಕಾರುತ್ತಿದ್ದರೂ ನಡುವೆ ಸಾರಿಸಿದ ಅಂಗಳದಂತೆ ನುಣ್ಣಗೆ ಮಲಗಿರುವ ನೀರು, ಅಲೆ ಎಲ್ಲಿ ಒಡೆಯೋಲ್ವೋ ಅಲ್ಲಿ ನೀರು ಕಡಲೊಳಕ್ಕೆ ಹೋಗ್ತಿರುತ್ತೆ ಮಗಳೇ, ಈಜೋನಿಗೆ ಅದು ಗುಂಡಿ, ಹುಟ್ಟು ಹಿಡಿದೋನಿಗೆ ಸವಾರಿ, ದೋಣಿ ಕಲಿಸಿದ ಮೇಷ್ಟ್ರು ಕಿವಿಯಲ್ಲಿ ಹೇಳಿಕೊಟ್ಟದ್ದು, ಪಂದ್ಯದಲ್ಲಿ ಉಳಿದವರೆಲ್ಲ ಅಲೆಗೆ ಎದೆಯೊಡ್ಡಿ ಹಿಂದಕ್ಕುರುಳುವಾಗ ಅವಳ ಕಯಾಕ್, ಒಬ್ಬರೇ ಕೂರುವ ಆ ಸಣ್ಣ ದೋಣಿ, ಸೆಳವಿನ ಬೆನ್ನೇರಿ ಆಚೆಗೆ ಜಾರಿಬಿಡುತ್ತಿತ್ತು, ಗೆದ್ದ ಪದಕಗಳೆಲ್ಲ ಆ ಪಟ್ಟಿಯ ದಯೆ, ದಡದಲ್ಲಿ ಅಪ್ಪನ ಹೆಗಲೇರಿ ಕೂತ ತಮ್ಮ ಕೂಗುತ್ತಿದ್ದ, ನೋಡಪ್ಪಾ, ಅಕ್ಕ ಅಲೆ ಇಲ್ಲದ ಕಡೆಯಿಂದ್ಲೇ ಹೋಗ್ತಾಳೆ, ಜಾಣೆ.

ಆ ಕೈ ಎದ್ದದ್ದೂ ಅಲ್ಲೇ. ಹೋದ ವರ್ಷ, ಯಾರೋ ಹೆಂಗಸು, ಹೆಸರೂ ತಿಳಿಯದು, ನೀರಿನ ಮೇಲೆ ಐದು ಬೆರಳು, ಬಿಚ್ಚಿಕೊಂಡು, ಏನನ್ನೋ ಕೇಳುವಂತೆ, ಅವಳು ಹುಟ್ಟು ಬಿಸಾಕಿ ಬಾಗಿದಳು, ಬೆರಳಿಗೆ ಬೆರಳು ತಾಗಿತು, ತಣ್ಣಗಿತ್ತು, ಜಾರಿತು, ಮತ್ತೆ ಮೇಲೇಳಲಿಲ್ಲ – ಚಾಂಪಿಯನ್ ಅಂತೆ, ಗುಂಪಿನಲ್ಲಿ ಯಾರೋ ಅಂದರು, ಮೆಲ್ಲಗೇ ಅಂದರು, ಅಂದಿನಿಂದ ಅವಳ ಕಯಾಕ್ ಅಪ್ಪನ ಕೊಟ್ಟಿಗೆಯಲ್ಲಿ ಬೋರಲಾಗಿ ತೂಗುತ್ತಿದೆ, ಜೇಡ ಅದರೊಳಗೆ ಸಂಸಾರ ಹೂಡಿದೆ. ದೇವರ ಮುಂದೆ ಕೂತರೂ ಕಣ್ಣು ಮುಚ್ಚಲಾಗುವುದಿಲ್ಲ, ಮುಚ್ಚಿದರೆ ಐದು ಬೆರಳು. ಬೆಳಿಗ್ಗೆ ತಮ್ಮ, ಗಡಿಯಾರ ರಿಪೇರಿಯ ಅಂಗಡಿಗೆ ರಜೆ ಹಾಕಿ ಬಂದವನು, ಗೂಟದಿಂದ ಅವಳ ಕಾವಲಿನ ಕೆಂಪು-ಹಳದಿ ಟೊಪ್ಪಿ ಎತ್ತಿಕೊಂಡ, ಅಕ್ಕಾ, ಇವತ್ತೊಂದಿನ ಇದು ನಂಗಿರ್ಲಿ, ನೀನಂತೂ ನೀರಿಗಿಳಿಯೋಲ್ಲ, ಗೂಟ ಈಜುತ್ತಾ, ಜೋಪಾನ ಕಣೋ, ಅಂದಳು, ಆ ಎರಡು ಬಾವುಟದ ಮಧ್ಯೆನೇ ಇರು, ಅಲ್ಲಿ ಸೆಳವಿಲ್ಲ, ಆಯ್ತು ಮಾರಾಯ್ತಿ, ಸಂಜೆ ನಿನ್ನ ಕೈಗೇ ವಾಪಸ್ ಕೊಡ್ತೀನಿ, ಸಾಲ ಇಟ್ಕೊಳ್ಳೋ ವಂಶಾನಾ ನಮ್ದು.

ಕೆಂಪು-ಹಳದಿ. ಪಟ್ಟಿಯ ನಡುವೆ. ದುರ್ಬೀನು ಅಲ್ಲೇ ನಿಂತಿತು, ಕೆಳಗೆ ಬಾವುಟದ ಬಳಿ ನಿಂತ ಮೀಸೆ, ಅವಳ ಜೊತೆಯ ಕಾವಲಿನವನು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಸುಮ್ಮನಾಗುತ್ತಾನೆ, ನಮ್ಮೋರೇ ಯಾರೋ ಅಭ್ಯಾಸ ಮಾಡ್ತಿರ್ಬೇಕು ಬಿಡಕ್ಕಾ, ಟೊಪ್ಪಿ ಇದೆಯಲ್ಲ – ಆ ಟೊಪ್ಪಿ ನಂದು ಕಣೋ, ನಂದು, ಅಂದಳೋ, ಬಾಯಿಂದ ಗಾಳಿ ಮಾತ್ರ ಬಂತೋ, ಮೀಸೆಯನ್ನೇ ಕಳಿಸಲೇ, ಮೀಸೆ ಈಜಿನಲ್ಲಿ ಗಟ್ಟಿಗ, ಹುಟ್ಟು ಹಿಡಿದರೆ ಹಿಟ್ಟು ಕಲಸಿದ ಹಾಗೆ, ಅವನು ಮುಟ್ಟುವಷ್ಟರಲ್ಲಿ, ಮುಟ್ಟುವಷ್ಟರಲ್ಲಿ, ಅಗೋ ಕೈ ಎದ್ದಿತು, ಬಿಚ್ಚಿದ ಕೈ, ಐದು ಬೆರಳು. ತಾಯೀ, ಕಾಲಿಗೆ ಜೀವ ಕೊಡು, ಏಣಿ, ಮರಳು, ಮರಳಿನ ಮೇಲೆ ಸದಾ ತಯಾರಿರುವ ಹಳದಿ ಕಯಾಕ್, ನೀರು ಪಾದಕ್ಕೆ, ಮೊಣಕಾಲಿಗೆ, ಹತ್ತಿ ಕೂತಳು, ಹುಟ್ಟು ಎತ್ತಿದಳು, ಎಡ ಬಲ ಎಡ ಬಲ, ಸೆಳವು ಅವಳ ಗುರುತು ಹಿಡಿದ ಹಾಗೆ ಬೆನ್ನಿಗೆ ಹಾಕಿಕೊಂಡು ಓಡುತ್ತದೆ, ಗೆಲ್ಲಿಸಿದ್ದೂ ನೀನೇ, ಎಳೆದೊಯ್ಯುವುದೂ ನೀನೇ, ಇವತ್ತು ಯಾವುದು, ಹೇಳು, ಟೊಪ್ಪಿ ಇದೆ, ಇಲ್ಲ, ಇದೆ, ಕೈ ಇಳಿಯುತ್ತಿದೆ, ಬೆರಳು ಹಿಡಿಯಬೇಡ, ಬೆರಳು ಜಾರುತ್ತೆ, ಮಣಿಕಟ್ಟು, ಮಣಿಕಟ್ಟು ಹಿಡಿ, ಹಿಡಿದಳು, ಉಗುರು ನೆಟ್ಟು ಹಿಡಿದಳು, ಬಿಡಲಿಲ್ಲ.

ಮರಳು ಗಲ್ಲಕ್ಕೆ ಬೆಚ್ಚಗಿದೆ. ತಮ್ಮ ಕೆಮ್ಮುತ್ತಾನೆ, ಉಪ್ಪುನೀರು ಕಾರುತ್ತಾನೆ, ಮೀಸೆ ಅವನ ಬೆನ್ನುಜ್ಜುತ್ತ ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ, ಅಲ್ಲಿಗ್ಯಾಕೆ ಹೋದ್ಯೋ, ಕೇಳಿದ್ದು ಅವಳೇ ಇರಬೇಕು, ನೀನು ಯಾವಾಗ್ಲೂ ಅಲ್ಲಿಂದ್ಲೇ ಹೋಗ್ತಿದ್ದೆಯಲ್ಲಕ್ಕಾ, ಅದೇ ಒಳ್ಳೇ ಜಾಗ ಅನ್ಕೊಂಡೆ. ಬಾವುಟ ಇನ್ನೂ ಅಲುಗಿಲ್ಲ, ಪಟ್ಟಿ ಹಾಗೇ ನುಣ್ಣಗಿದೆ, ಸಂಜೆಗೆ ಇನ್ನೂ ಎಷ್ಟೋ ಹೊತ್ತಿದೆ, ಆದರೂ ತಮ್ಮ ಗದ್ದದಡಿಯ ದಾರ ಬಿಚ್ಚುತ್ತಾನೆ, ಟೊಪ್ಪಿಯನ್ನು ಹಿಂಡುತ್ತಾನೆ, ಅವಳ ಅಂಗೈಯಲ್ಲಿಟ್ಟು ಕೈ ಹಿಂದೆಗೆಯುತ್ತಾನೆ, ಮಣಿಕಟ್ಟಿನಲ್ಲಿ ಅವಳ ಉಗುರಿನ ಗಾಯ, ಟೊಪ್ಪಿ ತಣ್ಣಗಿದೆ, ಮಡಿಲಿಗೆ ನೀರು ತೊಟ್ಟಿಕ್ಕುತ್ತಿದೆ, ಅವಳು ಅದನ್ನು ನೋಡುತ್ತಿಲ್ಲ, ದೂರ ಹೋಗುತ್ತಿರುವ ತಮ್ಮನ ಆ ಕೈಯನ್ನು ನೋಡುತ್ತಿದ್ದಾಳೆ, ಬಿಚ್ಚಿದ, ಒದ್ದೆಯಾದ, ಐದು ಬೆರಳು, ಐದು ಬೆರಳು